ನಿಮ್ಮದೇ ಆದ ಒಂದು ವಾಕ್ಯ

ಮನೆಯಿಂದ,
ಮಂಗಳವಾರ ಬೆಳಿಗ್ಗೆ

ಶ್ರೀಯುತ ವಿಭಾಗದ ಮುಖ್ಯಸ್ಥರಿಗೆ, ಅಂದರೆ ನನ್ನ ಯಜಮಾನರಿಗೆ,

ನಿಮ್ಮ ಪತ್ರ ಶನಿವಾರ ಬಂತು. ನಾಲ್ಕು ಪುಟ, ನೀಲಿ ಶಾಯಿ, ಮಡಿಕೆ ಕೂಡ ಓರೆಯಾಗದಂತೆ ಮಡಚಿದ್ದೀರಿ. ಎರಡು ತಿಂಗಳಿಂದ ತಂಗಿಯ ಮನೆಯ ಮಹಡಿ ಕೋಣೆಯಲ್ಲಿ ಕೂತು ಒಂದು ಫೋನನ್ನೂ ಮಾಡದ ಮನುಷ್ಯ ನಾಲ್ಕು ಪುಟ ಬರೆದಿದ್ದಾರೆಂದರೆ ಒಳಗೆ ಏನೋ ಕರಗಿರಬೇಕು ಅಂದುಕೊಂಡು, ಒದ್ದೆ ಕೈ ಒರೆಸಿಕೊಂಡು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಓದಿದೆ. ಸುಳ್ಳು ಹೇಳುವುದಿಲ್ಲ, ಮೊದಲ ಪುಟಕ್ಕೆ ಕಣ್ಣು ತುಂಬಿತು. ಎರಡನೆಯ ಪುಟದಲ್ಲಿ ಅನುಮಾನ ಬಂತು. ಮೂರನೆಯದಕ್ಕೆ ಹೋಗಿ ಕೆಂಪು ಪೆನ್ಸಿಲ್ ತಂದೆ.

ಇಪ್ಪತ್ತೆರಡು ವರ್ಷದಿಂದ ಮೊದಲ ವರ್ಷದ ಮಕ್ಕಳಿಗೆ ನಾನು ಹೇಳಿಕೊಡುತ್ತಿರುವ ವಿದ್ಯೆ ಅದೊಂದೇ ಅಲ್ಲವೇ. ಬರೆದದ್ದರಲ್ಲಿ ಸ್ವಂತದ್ದು ಯಾವುದು, ಎತ್ತಿದ್ದು ಯಾವುದು. ನೀವು ಅದನ್ನು ಗುಮಾಸ್ತೆಯ ಕೆಲಸ ಎಂದು ಸಿಬ್ಬಂದಿ ಕೋಣೆಯಲ್ಲಿ ನಗಾಡುತ್ತಿದ್ದಿರಿ. ಈಗ ಆ ಗುಮಾಸ್ತೆ ನಿಮ್ಮ ಪತ್ರವನ್ನು ತಿದ್ದಿದ್ದಾಳೆ. ಗುರುತು ಹಾಕಿದ ಜೆರಾಕ್ಸ್ ಪ್ರತಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಮೂಲಪ್ರತಿ ನನ್ನ ಹತ್ತಿರ ಇರಲಿ.

ಮೊದಲ ಪುಟದಿಂದ ಶುರುಮಾಡೋಣ. "ನೀನಿಲ್ಲದೆ ಗಡಿಯಾರದ ಟಿಕ್ ಟಿಕ್ ಕೂಡ ಜೋರಾಗಿ ಕೇಳುತ್ತದೆ, ಒಂದು ಲೋಟಕ್ಕೆ ನೀರಿಟ್ಟು ಎರಡು ಲೋಟ ತೊಳೆದಿಡುತ್ತೇನೆ" ಎಂದು ಬರೆದಿದ್ದೀರಿ. ಬಹಳ ಚೆನ್ನಾಗಿದೆ. ಚೆನ್ನಾಗಿರದೆ ಏನು, ಬರೆದವಳು ನಾನು. ಹತ್ತೊಂಬತ್ತು ವರ್ಷದ ಕೆಳಗೆ ನೀವು ತರಬೇತಿಗೆಂದು ಆರು ತಿಂಗಳು ಹೋದಾಗ ನಾನು ನಿಮಗೆ ಬರೆದ ಪತ್ರದ ಸಾಲುಗಳು ಇವು, ಒಂದು ಅಕ್ಷರ ಅತ್ತಿತ್ತ ಆಗಿಲ್ಲ. ಆ ಪತ್ರಗಳನ್ನು ನೀವು ಜೋಪಾನ ಮಾಡಿದ್ದೀರೆಂದು ಸಂತೋಷಪಡಬೇಕೋ ಏನೋ. ಆದರೆ ನಿಮ್ಮ ತಂಗಿಯ ಮನೆಯಲ್ಲಿ ಟಿಕ್ ಟಿಕ್ ಅನ್ನುವ ಗಡಿಯಾರವೇ ಇಲ್ಲ. ಅವಳದ್ದು ಅಂಕಿ ಹೊಳೆಯುವ ಗಡಿಯಾರ, ಸತ್ತರೂ ಸದ್ದು ಮಾಡುವುದಿಲ್ಲ. ಮಕ್ಕಳಿಗೆ ನಾನು ಹೇಳುವ ಮೊದಲ ಪಾಠ ಇದೇ: ಇಡಿಯಾಗಿ ಎತ್ತಿದವನು ಬೇರೆಯವರ ಮನೆಯ ಸಾಮಾನನ್ನೂ ಜೊತೆಗೇ ಹೊತ್ತು ತಂದಿರುತ್ತಾನೆ, ಅದನ್ನು ಹುಡುಕಿ.

ಮುಂದಿನ ಪ್ಯಾರಾದಲ್ಲಿ "ಸಮಯವೇ ಸಕಲ ವ್ರಣಗಳಿಗೂ ಔಷಧ" ಎಂದಿದೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಮೂರನೆಯ ಹಾಳೆಯಲ್ಲಿ "ಕಾಲವೇ ಎಲ್ಲ ಗಾಯಕ್ಕೂ ಮದ್ದು" ಎಂದಿದೆ. ಪ್ರತಿ ಪದವನ್ನೂ ಕಿತ್ತು ಅದರ ಜಾಗಕ್ಕೆ ತೂಕದ ಪದ ಕೂರಿಸಿದರೆ ಸಿಕ್ಕಿಬೀಳುವುದಿಲ್ಲ ಎಂದು ಹದಿನೆಂಟರ ಹುಡುಗರು ನಂಬುತ್ತಾರೆ. ನಿಮಗೆ ಐವತ್ತೆರಡು. ನನಗೆ ಆಗಿರುವುದು ವ್ರಣವಲ್ಲ, ನಿಮ್ಮ ಮಾಹಿತಿಗೆ.

ಎರಡನೆಯ ಪುಟ ಬರೀ ತೇಪೆ. "ಅವರವರ ಸೇವೆಯನ್ನು ಗುರುತಿಸದೇ ಹೋದೆವೇನೋ" ಅನ್ನುವುದು ಗ್ರಂಥಪಾಲಕರ ಬೀಳ್ಕೊಡುಗೆಯಲ್ಲಿ ಪ್ರಾಂಶುಪಾಲರು ಆಡಿದ ಮಾತು, ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ. "ಕೋಪ ಬಂದಾಗ ಹತ್ತರವರೆಗೆ ಎಣಿಸಬೇಕು" ಅನ್ನುವುದು ಹಲ್ಲಿನ ಡಾಕ್ಟರ ಗೋಡೆಯ ಮೇಲಿದ್ದದ್ದು. "ನಿನ್ನ ನಾಳೆಗಳಿಗೆ ನಾನು ಜೊತೆಗಾರ" ಯಾವುದೋ ವಿಮೆಯ ಜಾಹೀರಾತು. ನಡುನಡುವೆ "ಅಲ್ಲದೆ" "ಹಾಗೆಯೇ" ಎಂದು ಅಂಟು ಹಚ್ಚಿದ್ದೀರಿ, ಆದರೆ ಒಂದು ವಾಕ್ಯಕ್ಕೆ ಇನ್ನೊಂದರ ಮುಖಪರಿಚಯವೇ ಇಲ್ಲ.

ಮೂರನೆಯ ಪುಟಕ್ಕೆ ಮಾತ್ರ ನನಗೆ ನಗು ತಡೆಯಲಾಗಲಿಲ್ಲ. ತನ್ನದೇ ಹಳೆಯ ಪ್ರಬಂಧವನ್ನು ಹೊಸ ದಿನಾಂಕ ಹಾಕಿ ಮತ್ತೆ ಕೊಡುವ ವಿದ್ಯಾರ್ಥಿಗಳಿದ್ದಾರೆ. ನನ್ನದನ್ನೇ ನಾನು ಕದ್ದರೆ ಅದು ಕಳವು ಹೇಗಾಗುತ್ತದೆ ಎಂದು ವಾದ ಬೇರೆ. ಹದಿನೈದು ವರ್ಷದ ಹಿಂದೆ ನಮ್ಮ ಜಗಳವಾಗಿ ನಾನು ಅಮ್ಮನ ಮನೆಗೆ ಹೋದಾಗ ನೀವು ಬರೆದಿದ್ದ ಕ್ಷಮಾಪಣೆಯ ಪತ್ರವನ್ನೇ ಹಾಗೆ ಇಳಿಸಿದ್ದೀರಿ. "ಮಗಳು ಇನ್ನೂ ಚಿಕ್ಕವಳು, ಅವಳ ಮುಖ ನೋಡಿಯಾದರೂ ಮನಸ್ಸು ಕರಗಿಸು." ನಿಮ್ಮ ಚಿಕ್ಕ ಮಗಳಿಗೆ ಈಗ ಇಪ್ಪತ್ತಾರು. ಫೋನಿನಲ್ಲಿ ಆ ಸಾಲು ಓದಿ ಹೇಳಿದೆ. ಮೊದಲು ನಕ್ಕಳು, ಆಮೇಲೆ ಇನ್ನೊಮ್ಮೆ ಓದು ಅಂದಳು.

ನನಗೆ ಸಿಟ್ಟು ಬಂದದ್ದು ಅದೇ ಪುಟದ ಕೊನೆಗೆ. "ಹೆಣ್ಣು ತಗ್ಗಿದರೆ ಮನೆ ನಿಲ್ಲುತ್ತದೆ ಎಂದು ನಿನ್ನ ಅಮ್ಮ ಹೇಳುತ್ತಿರಲಿಲ್ಲವೇ" ಎಂದು ಕೇಳಿದ್ದೀರಿ. ಹೇಳುತ್ತಿರಲಿಲ್ಲ. ಇಲ್ಲದ ಪುಸ್ತಕದ ಇಲ್ಲದ ಪುಟವನ್ನು ಆಧಾರವೆಂದು ಕೊಡುವ ಮಕ್ಕಳನ್ನು ಕಂಡಿದ್ದೇನೆ, ಸತ್ತವರ ಬಾಯಿಗೆ ಮಾತು ತುರುಕುವವರನ್ನು ಈಗಲೇ ಕಂಡದ್ದು. ನಮ್ಮಮ್ಮ ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂತವಳು. ಸಾಲು ಮುರಿದು ಬಂದವನು ಯಾರೇ ಆಗಿರಲಿ, ಕಿಟಕಿ ಮುಚ್ಚಿ ಕೂರುತ್ತಿದ್ದಳು, ಅವನು ಹಿಂದೆ ಹೋಗುವವರೆಗೆ ತೆಗೆಯುತ್ತಿರಲಿಲ್ಲ. ನೀವು ನನ್ನನ್ನು ನೋಡಲು ಬಂದು ಹೋದ ಸಂಜೆ ಅವಳು ಹೇಳಿದ ಒಂದೇ ಮಾತು ನನಗೆ ನೆನಪಿದೆ. "ಹುಡುಗ ಚೆನ್ನಾಗಿ ಮಾತಾಡ್ತಾನೆ ಕಣೆ. ಯಾರ ಮಾತು ಅಂತ ಸ್ವಲ್ಪ ವಿಚಾರಿಸ್ಕೋ." ನಾನು ವಿಚಾರಿಸಲಿಲ್ಲ.

ನಾಲ್ಕನೆಯ ಪುಟದ ಮೊದಲ ಅರ್ಧ ನಿಮ್ಮ ತಂಗಿ ಹೇಳಿ ಬರೆಸಿದ್ದು. "ಮೊದಲು ಮಾತಾಡಿದವರೇ ದೊಡ್ಡವರು ಅಲ್ವಾ" ಎಂದು ಅವಳು ಹಾಲಿನವನಿಗೂ ಹೇಳುತ್ತಾಳೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪಾಪ, ಅವಳು ನಿಜವಾಗಿ ಒಳ್ಳೆಯದಾಗಲೆಂದೇ ಹೇಳಿರುತ್ತಾಳೆ.

ಇಷ್ಟು ಹಾಸ್ಯ ಸಾಕು. ಈಗ ಸೂಜಿಯ ವಿಷಯ.

ನೀವು ನಾಲ್ಕು ಪುಟದಲ್ಲಿ ಒಮ್ಮೆಯೂ ಅವಳ ಹೆಸರೆತ್ತಿಲ್ಲ. ಸಹಪಾಠಿಗಳು ಇಟ್ಟ ಆ ಅಡ್ಡಹೆಸರನ್ನಾದರೂ ಬರೆಯಬಹುದಿತ್ತು. ತಾಯಿ ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುವವಳು ಎಂದು ಅವಳಿಗೆ ಸೂಜಿ ಎಂದು ಹೆಸರಾಯಿತು, ಅವಳೂ ನಗುತ್ತಾ ಒಪ್ಪಿಕೊಂಡಳು. ಕೊನೆಯ ವರ್ಷದ ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದೂ ಆ ಕಾರ್ಖಾನೆಯನ್ನೇ: ಅಲ್ಲಿನ ಹೆಂಗಸರು ಮೆಷಿನ್ನುಗಳ ಸದ್ದಿನಲ್ಲಿ ಮಾತು ಕೇಳಿಸದೆ ಪರಸ್ಪರ ಯಾವ ಯಾವ ಗುರುತುಗಳಿಂದ ಸುದ್ದಿ ಮುಟ್ಟಿಸುತ್ತಾರೆ ಎಂದು. ಮಾರ್ಗದರ್ಶಕರು ಕಾಯಿಲೆ ಬಿದ್ದಿದ್ದರಿಂದ ಭಾಷೆ ತಿದ್ದಿಸಿಕೊಳ್ಳಲು ನನ್ನ ಹತ್ತಿರ ಬಂದಳು. ಕೈಬರಹದ ಒಂದೇ ಪ್ರತಿ, ತೊಂಬತ್ತು ಹಾಳೆ. ಎರಡು ವಾರ ಅದು ನಮ್ಮ ಊಟದ ಮೇಜಿನ ಮೇಲೇ ಇತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ನೀವು ಅದನ್ನು ತಿರುವಿಹಾಕುತ್ತಿದ್ದಿರಿ. ನಲವತ್ತನೆಯ ಹಾಳೆಯ ಮೇಲೆ ನಿಮ್ಮ ಲೋಟದ ತಳದ ಗುರುತು ಬಿತ್ತು, ಹುಡುಗಿಗೆ ಏನು ಹೇಳಲಿ ಎಂದು ನಾನು ನಿಮ್ಮ ಮೇಲೆ ರೇಗಿದ್ದೆ.

ಅದೇ ಹಾಳೆಯಲ್ಲಿ ಅವಳು ಕೆಂಪು ದಾರದ ಬಗ್ಗೆ ಬರೆದಿದ್ದಳು. ಕೆಲವು ಮೆಷಿನ್ನುಗಳ ಕಾಲಿಗೆ ಒಂದು ಗೇಣು ಕೆಂಪು ದಾರ ಕಟ್ಟಿರುತ್ತಾರೆ, ಏಕೆಂದು ಇನ್ನೂ ಕೇಳಬೇಕು ಎಂದು. ನಾನು ಆ ಕಾರ್ಖಾನೆಯ ಬಾಗಿಲನ್ನೂ ನೋಡದವಳು, ಕುರ್ಚಿಯಲ್ಲಿ ಕೂತು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: "ಬಹುಶಃ ದಿನದ ಕೆಲಸ ಮುಗಿಸಿದ ಗುರುತು." ಸೂಜಿ ಒಳ್ಳೆಯ ವಿದ್ಯಾರ್ಥಿನಿ. ಮೇಡಂ ಬರೆದಿದ್ದಾರೆಂದು ನಂಬದೆ, ಹೋಗಿ ತಾಯಿಯನ್ನೇ ಕೇಳಿದಳು. ಅದು ಕರೆಂಟು ಹೊಡೆಯುವ ಮೆಷಿನ್ ಎಂಬ ಗುರುತು, ರಬ್ಬರ್ ಚಪ್ಪಲಿ ಇಲ್ಲದೆ ಮುಟ್ಟಬೇಡಿ ಎಂದು. ಕಾರ್ಖಾನೆಯ ಯಜಮಾನ ರಿಪೇರಿ ಮಾಡಿಸುವುದಿಲ್ಲ, ಹೆಂಗಸರು ದಾರ ಕಟ್ಟಿಕೊಳ್ಳುತ್ತಾರೆ. ನಮ್ಮದೇ ಮೇಜಿನಲ್ಲಿ ಕೂತು ಹೊಸ ಪ್ರತಿ ಮಾಡುವಾಗ ಅವಳು ಅದನ್ನು ಸರಿಪಡಿಸಿಕೊಂಡಳು. ತಿದ್ದಿದ ಹಳೆಯ ಕರಡನ್ನು ತರಗತಿಯಲ್ಲಿ ಮಾದರಿಯಾಗಿ ತೋರಿಸುತ್ತೇನೆಂದು ನಾನು ಕೇಳಿ ಇಟ್ಟುಕೊಂಡೆ. ಎಲ್ಲಿಟ್ಟೆನೆಂದು ನಿಮಗೆ ಗೊತ್ತು.

ಆರು ತಿಂಗಳಿಗೆ ನಿಮ್ಮ ಲೇಖನ ಅಚ್ಚಾಯಿತು. ದುಡಿಯುವ ಹೆಂಗಸರ ಮೌನ ಭಾಷೆ ಎಂಬ ವಿಷಯಕ್ಕೆ ಎಲ್ಲರೂ ತಲೆದೂಗಿದರು. ನನಗೆ ಒಂದು ಪ್ರತಿ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಮಾರ್ಗದರ್ಶಕರು ಚೇತರಿಸಿಕೊಂಡು ಬರುವಷ್ಟರಲ್ಲಿ ಮತ್ತೆರಡು ತಿಂಗಳು ಹೋಯಿತು. ಸೂಜಿ ಪ್ರಬಂಧ ಕೊಟ್ಟಳು. ಕಾಲೇಜಿನಲ್ಲಿ ನಕಲು ಹುಡುಕುವ ಯಂತ್ರ ನೂರಕ್ಕೆ ನಲವತ್ತೊಂದು ಪಾಲು ನಿಮ್ಮ ಲೇಖನದ ಜೊತೆ ಹೊಂದುತ್ತದೆ ಎಂದು ಹೇಳಿತು. ಹೊಂದಿಕೆ ಎಷ್ಟು ಎಂದು ಯಂತ್ರ ಹೇಳುತ್ತದೆ, ಯಾರು ಯಾರಿಂದ ಎಂದು ಹೇಳುವುದಿಲ್ಲ. ಅದನ್ನು ಹೇಳಲೆಂದೇ ಮೂವರ ಸಮಿತಿ ಕೂತದ್ದು. ಕಳವು ಗುರುತಿಸುವುದರಲ್ಲಿ ಪರಿಣತೆ ಎಂದು ನನ್ನನ್ನು ಸೇರಿಸಿದರು. ಹೆಂಡತಿ ಇರಬಾರದು ಎಂದು ಒಬ್ಬರಾದರೂ ಹೇಳಬಹುದಿತ್ತು. ಮೊದಲು ನಾನೇ ಹೇಳಬೇಕಿತ್ತು.

ಆ ಕೋಣೆಯಲ್ಲಿ ನಿಮ್ಮ ಲೇಖನವನ್ನು ಮೊದಲ ಸಲ ಓದಿದೆ. ಏಳನೆಯ ಪುಟದಲ್ಲಿ ಇತ್ತು: "ದಿನದ ಕೆಲಸ ಮುಗಿಸಿದ ಹೆಣ್ಣು ತನ್ನ ದುಡಿಮೆಗೆ ಇಡುವ ಕೆಂಪು ಪೂರ್ಣವಿರಾಮವೇ ಈ ದಾರ." ನನ್ನ ಪೆನ್ಸಿಲಿನ ತಪ್ಪು, ಹೂ ಮುಡಿದು ಕೂತಿತ್ತು. ಪ್ರಪಂಚದಲ್ಲಿ ಆ ತಪ್ಪು ಇದ್ದದ್ದು ಒಂದೇ ಒಂದು ಹಾಳೆಯಲ್ಲಿ, ನಿಮ್ಮ ಲೋಟದ ಗುರುತಿನ ಪಕ್ಕದಲ್ಲಿ. ಬೇರೆಯವರ ಸರಿಯನ್ನು ಕದ್ದವನು ತಪ್ಪಿಸಿಕೊಳ್ಳಬಹುದು, ಬೇರೆಯವರ ತಪ್ಪನ್ನು ಕದ್ದವನಿಗೆ ದಾರಿಯಿಲ್ಲ ಎಂದು ನಾನೇ ಪ್ರತಿ ವರ್ಷ ಹೇಳುತ್ತೇನೆ.

ಸೂಜಿಯನ್ನು ಒಳಗೆ ಕರೆದರು. ತಿದ್ದಿದ ಕರಡು ಮೇಡಂ ಹತ್ತಿರ ಇದೆ ಎಂದಳು. ಅಧ್ಯಕ್ಷರು ನನ್ನತ್ತ ತಿರುಗಿದರು. ದಿನಕ್ಕೆ ಹತ್ತು ಕರಡು ಬರುತ್ತವೆ, ನೆನಪಿಲ್ಲ ಎಂದೆ. ಹಾಗಾದರೆ ದಾರದ ವಿಷಯದಲ್ಲಿ ಇವಳದ್ದು ಬೇರೆ, ಅವರದ್ದು ಬೇರೆ ಏಕಿದೆ ಎಂದು ಮೂರನೆಯವರು ಕೇಳಿದರು. ಒಳ್ಳೆಯ ಪ್ರಶ್ನೆ, ಅಲ್ಲಿಗೆ ಎಲ್ಲ ಬಯಲಾಗಬೇಕಿತ್ತು. ಎತ್ತಿದ್ದನ್ನು ಮರೆಮಾಚಲು ಅಲ್ಲಲ್ಲಿ ಬದಲಿಸುತ್ತಾರೆ, ಅದೂ ಕಳವಿನ ಒಂದು ಬಗೆ ಎಂದು ವಿವರಿಸಿದವಳು ನಾನು. ಅದಕ್ಕೊಂದು ಹೆಸರೂ ಇದೆ ಎಂದು ಹೇಳಿದೆ, ಅವರು ಬರೆದುಕೊಂಡರು. ಇಪ್ಪತ್ತೆರಡು ವರ್ಷದ ವಿದ್ಯೆಯನ್ನು ಆ ಹುಡುಗಿಯ ಕತ್ತಿಗೆ ಹಗ್ಗ ಮಾಡಿ ಕೊಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅನ್ನುತ್ತಾರಲ್ಲ, ಮೇಯ್ದದ್ದು ನೀವು, ಪಕ್ಕಕ್ಕೆ ಬಾಗಿ ದಾರಿ ಬಿಟ್ಟ ಬೇಲಿ ನಾನು. ಸೂಜಿ ಅಳಲಿಲ್ಲ. "ನಿಮಗೆ ಗೊತ್ತು ಮೇಡಂ" ಅಂದಳು, ಅಷ್ಟೇ, ಹೊರಗೆ ಹೋದಳು. ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದು ವರದಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಸಹಿ ಹಾಕಿದೆ.

ಮರುದಿನ ತಿಂಡಿಯ ಹೊತ್ತಿಗೆ ನಿಮ್ಮನ್ನು ಕೇಳಿದೆ. ಇಬ್ಬರಿಗೆ ಒಂದೇ ವಿಚಾರ ಹೊಳೆಯಬಾರದೇ ಎಂದಿರಿ. ಪೆನ್ಸಿಲಿನಲ್ಲಿ ಬರೆದದ್ದು ನಾನು ಎಂದಾಗ ನಗುತ್ತಾ ಹೇಳಿದಿರಿ, "ಹೆಂಡ್ತಿ ಪೆನ್ಸಿಲ್ ಮೇಲೆ ಗಂಡನಿಗೆ ಅಷ್ಟೂ ಹಕ್ಕಿಲ್ವಾ?" ನಾನು ತಟ್ಟೆ ಎತ್ತಿಕೊಂಡು ಹೋದೆ. ಆಮೇಲೆ ನಿಮ್ಮ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ನೀವು ಎರಡು ಅಂಗಿ ತೆಗೆದುಕೊಂಡು ತಂಗಿಯ ಮನೆಗೆ ಹೋದಿರಿ, ಒಂದು ವಾರದಲ್ಲಿ ನಾನೇ ಕರೆಯುತ್ತೇನೆಂಬ ಧೈರ್ಯದಲ್ಲಿ.

ಈಗ ಸೂಜಿ ಮೇಲ್ಮನವಿ ಹಾಕಿದ್ದಾಳೆ. ಶುಕ್ರವಾರ ಹೊರಗಿನವರು ಬಂದು ಕೇಳುತ್ತಾರೆ. ಶುಕ್ರವಾರ ಆಯಿತೆಂದರೆ ಪ್ರಾಂಶುಪಾಲರ ಕುರ್ಚಿಗೆ ನಿಮ್ಮ ಹೆಸರು ಹೋಗುತ್ತದೆ. ಕಳೆದ ಶನಿವಾರ ನನಗೆ ಪತ್ರ ಬಂತು.

ನಿನ್ನೆ ರಜೆ ಹಾಕಿ ಕಾರ್ಖಾನೆಗೆ ಹೋಗಿದ್ದೆ. ಉದ್ದನೆಯ ಕೋಣೆ, ಎರಡು ಸಾಲು ಮೆಷಿನ್, ಗಾಳಿಯಲ್ಲಿ ಬಟ್ಟೆಯ ನವಿರು ಧೂಳು. ಕಿಟಕಿಯ ಪಕ್ಕದ ಮೆಷಿನ್ನಿನ ಕಾಲಿಗೆ ದಾರ ಕಟ್ಟಿತ್ತು. ಕೆಂಪು ಅಂತ ನಾವು ಬರೆದೆವು, ಎಣ್ಣೆ ಕುಡಿದು ಅದು ಕಪ್ಪಗಾಗಿದೆ. ಸೂಜಿಯ ತಾಯಿಯನ್ನು ಕಂಡೆ. ಒಮ್ಮೆ ಶಾಕ್ ಹೊಡೆದು ಕೈ ಜಾರಿ ಮೆಷಿನ್ನಿನ ಸೂಜಿ ಬೆರಳಿಗೆ ಇಳಿದಿತ್ತಂತೆ, ಬಲಗೈಯ ಎರಡು ಬೆರಳು ಮಡಚುವುದಿಲ್ಲ. ನಿಮ್ಮ ಪೂರ್ಣವಿರಾಮ ಅದು. ಎರಡನೆಯ ಸಾಲಿನ ಕೊನೆಯಲ್ಲಿ ಸೂಜಿ ಕೂತಿದ್ದಳು, ಒಂದು ತಿಂಗಳಿಂದ ಅಲ್ಲೇ ಕೆಲಸ. ಒಂದು ಶಾಲೆಯವರು ಅವಳಿಗೆಂದು ಇಟ್ಟಿದ್ದ ಮೇಷ್ಟರ ಕೆಲಸ ಬೇರೆಯವರಿಗೆ ಹೋಗಲಿಕ್ಕಿದೆ. ನಾನು ಬಾಗಿಲಲ್ಲಿ ಅಭ್ಯಾಸಬಲದಿಂದ ಚಪ್ಪಲಿ ಕಳಚಲು ಬಗ್ಗಿದೆ. ಅವಳು ಕೂತಲ್ಲಿಂದಲೇ ಕೂಗಿದಳು, "ಚಪ್ಪಲಿ ಬಿಡಬೇಡಿ ಮೇಡಂ. ನೆಲ ಒದ್ದೆ ಇದೆ." ಮತ್ತೆ ತಲೆ ಬಗ್ಗಿಸಿ ಹೊಲಿಯತೊಡಗಿದಳು. ನನಗೆ ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಮನೆಗೆ ಬಂದು ನಿಮ್ಮ ಪತ್ರವನ್ನು ಮೂರನೆಯ ಸಲ ಓದಿದೆ. ಮಕ್ಕಳಿಗೆ ಹೇಳುವುದನ್ನು ನಾನೂ ಮಾಡಿದೆ: ಎತ್ತಿದ್ದನ್ನೆಲ್ಲ ಹೊಡೆದುಹಾಕಿ ಉಳಿದದ್ದನ್ನು ನೋಡು, ಅವನು ಏಕೆ ಬರೆದ ಅನ್ನುವುದು ಅಲ್ಲಿರುತ್ತದೆ. ಗಡಿಯಾರ ಹೋಯಿತು, ವ್ರಣ ಹೋಯಿತು, ವಿಮೆ ಹೋಯಿತು, ಚಿಕ್ಕ ಮಗಳು ಹೋದಳು, ನಮ್ಮಮ್ಮ, ನಿಮ್ಮ ತಂಗಿ ಎಲ್ಲ ಹೋದರು. ನಾಲ್ಕು ಪುಟದಲ್ಲಿ ಒಂದೇ ವಾಕ್ಯ ಉಳಿಯಿತು, ನಾಲ್ಕನೆಯ ಪುಟದ ಕೆಳಗೆ, ಮರೆತು ನೆನಪಾದದ್ದು ಎಂಬಂತೆ ಬರೆದದ್ದು. "ಹೊಲಿಗೆ ಕಾರ್ಖಾನೆಯ ಆ ಕರಡು, ನಿನ್ನ ಪೆನ್ಸಿಲ್ ಇರುವ ಪ್ರತಿ, ಇನ್ನೂ ಬೀರುವಿನ ಕೆಳಗಿನ ಖಾನೆಯಲ್ಲೇ ಇದ್ದರೆ ಹಳೇ ಪೇಪರಿನವನಿಗೆ ಹಾಕಿಬಿಡು, ಸುಮ್ಮನೆ ಧೂಳು."

ಇದನ್ನು ನೀವು ಎಲ್ಲಿಂದಲೂ ಎತ್ತಿಲ್ಲ. ನಾನು ಹುಡುಕಿದೆ. ಇದು ಪೂರ್ತಿ ನಿಮ್ಮದೇ. ಹಾಗಾಗಿ ಅದರ ಕೆಳಗೆ ಕೆಂಪು ಗೆರೆ ಹಾಕಿಲ್ಲ, ಸುತ್ತ ಒಂದು ಚೌಕ ಹಾಕಿದ್ದೇನೆ.

ನಿಮ್ಮ ಮಾತು ನಡೆಸಿಕೊಡಲು ಆ ಖಾನೆಯನ್ನು ತೆಗೆದು ನೋಡಿದೆ. ಶುಕ್ರವಾರ ನಾನು ಹೋಗುತ್ತಿದ್ದೇನೆ. ಕರಡು ನನ್ನ ಹತ್ತಿರ ಇತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೂ ಸಹಿ ಹಾಕಿದೆ ಎಂದು ಹೇಳುತ್ತೇನೆ. ಇನ್ನು ಮುಂದೆ ನನ್ನನ್ನು ಯಾವ ಸಮಿತಿಗೂ ಕರೆಯುವುದಿಲ್ಲ, ಬಹುಶಃ ತರಗತಿಗೂ ಇಲ್ಲ. ಅದು ಸರಿಯೇ. ನಿಮ್ಮನ್ನು ಏನು ಮಾಡುತ್ತಾರೋ ಅದು ಅವರಿಗೆ ಬಿಟ್ಟದ್ದು. ತಂಗಿ ಹೇಳಿ ಬರೆಸಿದ ಅರ್ಧ ಪುಟದಲ್ಲಿ ಮನೆಗೆ ಬರುವ ವಿಚಾರ ಕೇಳಿದ್ದೀರಿ. ಉಳಿದ ಅಂಗಿಗಳನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ತಂಗಿಯ ಗಂಡನನ್ನು ಕಳಿಸಿ.

ಇಂತಿ,
ನಿಮ್ಮ ಹೆಂಡತಿ
(ಬೇರೆ ಪದ ಸಿಗುವವರೆಗೆ)

ಮರೆತ ಮಾತು: ಮರೆತದ್ದಲ್ಲ, ತಡೆದಿಟ್ಟದ್ದು. ಕೆಳಗಿನ ಖಾನೆ ಖಾಲಿ. ಸಹಿ ಹಾಕಿ ಬಂದ ಸಂಜೆಯೇ ಆ ಕರಡನ್ನು ನಾನೇ ಹಳೇ ಪೇಪರಿನವನಿಗೆ ಹಾಕಿದ್ದೆ, ನೀವು ಹೇಳುವ ಎರಡು ತಿಂಗಳ ಮೊದಲು, ಯಾರೂ ಹೇಳದೆ. ಅದನ್ನೂ ಶುಕ್ರವಾರ ಹೇಳುತ್ತೇನೆ. ಅಂಥ ಕರಡೊಂದು ಇತ್ತು ಅನ್ನುವುದಕ್ಕೆ ಶನಿವಾರದವರೆಗೆ ಸೂಜಿಯ ಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ನಾನೊಬ್ಬಳೇ ಹೋಗಿ ಒಪ್ಪಿಕೊಂಡಿದ್ದರೂ ಗಂಡ ಹೆಂಡಿರ ಜಗಳ ಎಂದು ನಕ್ಕು ಕಳಿಸುತ್ತಿದ್ದರು, ಏಕೆಂದರೆ ಅಂಥ ಕರಡನ್ನು ಕಣ್ಣಿಂದಲೂ ನೋಡಿಲ್ಲವೆಂದು ನೀವು ಸಮಿತಿಗೆ ಬರೆದುಕೊಟ್ಟಿದ್ದೀರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ, ನಿಮ್ಮನ್ನು ಯಾರೂ ಅನ್ನಲೂ ಇಲ್ಲ. ಈಗ ಆ ಕರಡು ಇತ್ತು, ನಿಮಗೆ ಗೊತ್ತಿತ್ತು ಅನ್ನುವುದು ನೀಲಿ ಶಾಯಿಯಲ್ಲಿ, ನಿಮ್ಮ ಅಕ್ಷರದಲ್ಲಿ, ನಿಮ್ಮ ಸಹಿಯ ಮೇಲೆ ಇದೆ. ಆ ಒಂದು ವಾಕ್ಯವನ್ನೂ ಯಾರಿಂದಲಾದರೂ ಎತ್ತಿ ಬರೆದಿದ್ದರೆ ನೀವು ಉಳಿದುಕೊಳ್ಳುತ್ತಿದ್ದಿರಿ.